ಫಾಸ್ಟ್‌ಫೋಲ್ಡ್ ಪೋಕರ್: ಸಣ್ಣ ಬ್ಲೈಂಡ್‌ಗಳ ವೇಗದ ಕ್ಯಾಶ್ ಗೇಮ್‌ಗೆ ನಿಮ್ಮ ಆಟ ಹೊಂದಿಸಿಕೊಳ್ಳುವುದು ಹೇಗೆ?

ಎರಡು ಎಲೆ ಬಂದವು. ಎಂಟು, ಮೂರು. ಫೋಲ್ಡ್ ಒತ್ತಿದಿರಿ. ಅಷ್ಟರಲ್ಲೇ ಬೇರೆ ಟೇಬಲ್, ಬೇರೆ ಐದು ಜನ, ಹೊಸ ಎರಡು ಎಲೆ. ಹಿಂದಿನ ಟೇಬಲ್ಲಿನಲ್ಲಿ ಯಾರು ಗೆದ್ದರು ಅಂತ ನೋಡುವಷ್ಟೂ ಹೊತ್ತಿಲ್ಲ. ಇದೇ ಫಾಸ್ಟ್‌ಫೋಲ್ಡ್ ಪೋಕರ್. 2010 ರಲ್ಲಿ ಫುಲ್ ಟಿಲ್ಟ್ ಸೈಟು ಇದನ್ನು ರಶ್ ಪೋಕರ್ ಅನ್ನುವ ಹೆಸರಿನಲ್ಲಿ ತಂದಿತು. 2012 ರಲ್ಲಿ ಪೋಕರ್‌ಸ್ಟಾರ್ಸ್ ಝೂಮ್ ಶುರು ಮಾಡಿತು. ಈಗ ಬೇರೆ ಬೇರೆ ಸೈಟುಗಳಲ್ಲಿ ಬೇರೆ ಬೇರೆ ಹೆಸರಿನಲ್ಲಿ ಇದೇ ಆಟ ಇದೆ.

ಸಾಮಾನ್ಯ ಆನ್‌ಲೈನ್ ಟೇಬಲ್ಲಿನಲ್ಲಿ ಗಂಟೆಗೆ 60–80 ಹ್ಯಾಂಡ್ ಆಡಬಹುದು. ಇಲ್ಲಿ ಒಂದೇ ಕಿಟಕಿಯಲ್ಲಿ 200 ದಾಟುತ್ತದೆ. ಹೆಚ್ಚಿನವರು ಇದನ್ನು ಬರೀ ವೇಗದ ವ್ಯತ್ಯಾಸ ಅಂದುಕೊಳ್ಳುತ್ತಾರೆ. ಅದೇ ಆಟ, ಸ್ವಲ್ಪ ಬೇಗ, ಅಷ್ಟೇ ಅಂತ. ನಾನೂ ತುಂಬಾ ದಿನ ಹಾಗೇ ಆಡಿದೆ. ಆದರೆ ಫೋಲ್ಡ್ ಮಾಡಿದ ತಕ್ಷಣ ಹೊಸ ಎಲೆ ಸಿಗುತ್ತದೆ ಅನ್ನುವ ಒಂದೇ ನಿಯಮ ಎಲ್ಲರ ನಡವಳಿಕೆಯನ್ನೂ ಬದಲಿಸಿಬಿಡುತ್ತದೆ. ಆ ಬದಲಾವಣೆಯನ್ನು ಹಿಡಿದುಕೊಂಡರೆ ಇಲ್ಲಿ ಹೇಗೆ ಆಡಬೇಕು ಅನ್ನುವುದು ಹೆಚ್ಚುಕಡಿಮೆ ತಾನಾಗಿ ಹೊಳೆಯುತ್ತದೆ.

ಈ ಮಾರ್ಗದರ್ಶಿ ಆರು ಜನರ ನೋ-ಲಿಮಿಟ್ ಹೋಲ್ಡೆಮ್ ಕ್ಯಾಶ್ ಗೇಮ್‌ಗೆ. ಎಲ್ಲರ ಹತ್ತಿರ 100 ಬಿಗ್ ಬ್ಲೈಂಡ್ ಇದೆ ಅಂದುಕೊಳ್ಳೋಣ. ಬಿಗ್ ಬ್ಲೈಂಡನ್ನು ಇನ್ನು ಮುಂದೆ ಬಿಬಿ ಅಂತ ಬರೆಯುತ್ತೇನೆ. ಆಟದ ನಿಯಮ, ಯಾವ ಕೈ ಯಾವುದಕ್ಕಿಂತ ದೊಡ್ಡದು, ಇವೆಲ್ಲ ನಿಮಗೆ ಗೊತ್ತಿದೆ ಅಂದುಕೊಂಡಿದ್ದೇನೆ. ಇನ್ನೊಂದು ಮಾತು ಮೊದಲೇ ಹೇಳಬೇಕು. ಹಣವಿಟ್ಟು ಆನ್‌ಲೈನ್‌ನಲ್ಲಿ ಆಡುವುದಕ್ಕೆ ಎಲ್ಲ ಕಡೆ ಕಾನೂನಿನ ಒಪ್ಪಿಗೆ ಇಲ್ಲ. ನೀವಿರುವ ಕಡೆ ಏನು ನಿಯಮ ಅಂತ ತಿಳಿದುಕೊಳ್ಳಿ. ಒಪ್ಪಿಗೆ ಇಲ್ಲದಿದ್ದರೆ ಉಚಿತ ಚಿಪ್ಸ್ ಆಟದಲ್ಲೇ ಈ ಲೆಕ್ಕಗಳನ್ನು ಅಭ್ಯಾಸ ಮಾಡಬಹುದು.

ಹಂತ 1: ಕೂರುವ ಮುಂಚೆ ಹಣದ ಲೆಕ್ಕ

ಪೋಕರ್‌ಗೆ ಅಂತ ಬೇರೆಯಾಗಿ ತೆಗೆದಿಟ್ಟ ಹಣ ಇರಬೇಕು. ಅದು ಪೂರ್ತಿ ಹೋದರೂ ಮನೆ ನಡೆಯಬೇಕು. ಒಂದು ಬೈ-ಇನ್ ಅಂದರೆ 100 ಬಿಬಿ. ಸಾಮಾನ್ಯ ಟೇಬಲ್‌ಗೆ 30 ಬೈ-ಇನ್ ಸಾಕು ಅನ್ನುವವರಿದ್ದಾರೆ. ಫಾಸ್ಟ್‌ಫೋಲ್ಡ್‌ಗೆ ನಾನು 50 ಕ್ಕಿಂತ ಕಡಿಮೆ ಹೇಳುವುದಿಲ್ಲ. ಇಲ್ಲಿ ಕೆಟ್ಟ ಕಾಲ ಬಂದರೆ ಅದೂ ವೇಗವಾಗಿಯೇ ಬರುತ್ತದೆ.

ಯಾಕೆ ಅಂತ ಒಂದು ಲೆಕ್ಕ ಮಾಡೋಣ. ಒಬ್ಬ ಒಳ್ಳೆಯ ಆಟಗಾರ 100 ಹ್ಯಾಂಡ್‌ಗೆ ಸರಾಸರಿ 4 ಬಿಬಿ ಗೆಲ್ಲುತ್ತಾನೆ ಅಂದುಕೊಳ್ಳಿ. ಆರು ಜನರ ಆಟದಲ್ಲಿ 100 ಹ್ಯಾಂಡ್‌ನ ಏರಿಳಿತ, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್, 90 ಬಿಬಿ ಆಸುಪಾಸು ಇರುತ್ತದೆ. 10,000 ಹ್ಯಾಂಡ್ ಆಡಿದರೆ ಸರಾಸರಿ ಗೆಲುವು 400 ಬಿಬಿ. ಏರಿಳಿತ ಮಾತ್ರ 900 ಬಿಬಿ! ಅಂದರೆ ಚೆನ್ನಾಗಿ ಆಡುವವನೂ 10,000 ಹ್ಯಾಂಡ್ ಆದಮೇಲೆ ನಷ್ಟದಲ್ಲಿರುವ ಸಾಧ್ಯತೆ ಸುಮಾರು ಮೂರರಲ್ಲಿ ಒಂದು. 1,00,000 ಹ್ಯಾಂಡ್ ಆದರೂ ನೂರರಲ್ಲಿ ಎಂಟು ಸಲ ಅವನು ನಷ್ಟದಲ್ಲೇ ಇರುತ್ತಾನೆ. ಆದ್ದರಿಂದ ಒಂದು ಸಂಜೆಯ ಗೆಲುವು-ಸೋಲು ನೋಡಿ ಆಟ ಬದಲಿಸಬೇಡಿ. ನಾಲ್ಕು ಬೈ-ಇನ್ ಹೋಯಿತು ಅಂತ ಮೇಲಿನ ಬ್ಲೈಂಡ್‌ಗೆ ಹಾರಿ ಒಂದೇ ಸಲಕ್ಕೆ ತೆಗೆಯುತ್ತೇನೆ ಅನ್ನುವುದಂತೂ ಬೇಡವೇ ಬೇಡ. 50 ಬೈ-ಇನ್ 35 ಕ್ಕೆ ಇಳಿದರೆ ಒಂದು ಮೆಟ್ಟಿಲು ಕೆಳಗೆ ಹೋಗಿ.

ಹಂತ 2: ಎದುರಿಗೆ ಇರುವುದು ಒಬ್ಬನಲ್ಲ, ಒಂದು ಗುಂಪು

ಸಾಮಾನ್ಯ ಟೇಬಲ್ಲಿನಲ್ಲಿ ಒಂದು ಗಂಟೆ ಕೂತರೆ ಯಾರು ಹೇಗೆ ಅಂತ ತಿಳಿಯುತ್ತದೆ. ಇಲ್ಲಿ ಆ ಅನುಕೂಲ ಇಲ್ಲ. ಬಲಗಡೆ ಕೂತವನು ಮುಂದಿನ ಹ್ಯಾಂಡ್‌ನಲ್ಲಿ ಮಾಯ. ದುರ್ಬಲ ಆಟಗಾರ ಇರುವ ಟೇಬಲ್ ಹುಡುಕಿ ಕೂರಲೂ ಆಗುವುದಿಲ್ಲ. ಹಾಗಾಗಿ ಲೆಕ್ಕ ಹಾಕಬೇಕಾದ್ದು ಇಡೀ ಗುಂಪಿನ ಅಭ್ಯಾಸವನ್ನು. ಆಟಗಾರರು ಇದನ್ನು ಪೂಲ್ ಅಂತಾರೆ.

ಸಣ್ಣ ಬ್ಲೈಂಡ್‌ಗಳ ಪೂಲ್ ಹೇಗೆ ಆಡುತ್ತದೆ? ಕಾಯುತ್ತದೆ. ಫೋಲ್ಡ್‌ಗೆ ಏನೂ ಖರ್ಚಿಲ್ಲ ಅನ್ನಿಸುತ್ತದಲ್ವಾ? ಒಂಬತ್ತು-ಏಳು ಹಿಡಿದು ಒದ್ದಾಡುವ ಬದಲು ಸುಮ್ನೆ ಬಿಸಾಕಿದರೆ ಮುಂದೆ ಎರಡು ಎಕ್ಕ ಬಂದರೂ ಬರಬಹುದು. ಹೀಗೆ ಎಲ್ಲರೂ ಒಳ್ಳೆಯ ಎಲೆಗೆ ಕಾಯುತ್ತಾ ಕೂರುತ್ತಾರೆ.

ಆದರೆ ಫೋಲ್ಡ್ ಪುಕ್ಕಟೆ ಅಲ್ಲ. ಆರು ಜನರ ಆಟದಲ್ಲಿ ಆರು ಹ್ಯಾಂಡ್‌ಗೆ ಒಮ್ಮೆ ಬಿಗ್ ಬ್ಲೈಂಡ್, ಒಮ್ಮೆ ಸ್ಮಾಲ್ ಬ್ಲೈಂಡ್ ಹಾಕುತ್ತೀರಿ. ಒಟ್ಟು 1.5 ಬಿಬಿ. ಎಲ್ಲ ಎಲೆಯನ್ನೂ ಬಿಸಾಕುತ್ತಾ ಕೂತರೆ 100 ಹ್ಯಾಂಡ್‌ಗೆ 25 ಬಿಬಿ ಹೋಗುತ್ತದೆ. ಎರಡು ಎಕ್ಕ ಬರುವುದು ಸರಾಸರಿ 221 ಹ್ಯಾಂಡ್‌ಗೆ ಒಮ್ಮೆ. ಅಷ್ಟು ಹೊತ್ತು ಬರೀ ಕಾದರೆ ಅರ್ಧ ಬೈ-ಇನ್‌ಗಿಂತ ಜಾಸ್ತಿ, ಸುಮಾರು 55 ಬಿಬಿ, ಬ್ಲೈಂಡ್‌ಗೇ ಕರಗಿರುತ್ತದೆ. ಎಕ್ಕಗಳು ಬಂದಾಗ ಎಲ್ಲರೂ ಫೋಲ್ಡ್ ಮಾಡಿದರೆ ಸಿಗುವುದು 1.5 ಬಿಬಿ.

ಕಾಯುವ ಈ ಗುಂಪಿನಿಂದ ಎರಡು ರೀತಿಯಲ್ಲಿ ಹಣ ಬರುತ್ತದೆ. ಒಂದು, ಯಾರೂ ಕಾಪಾಡದ ಸಣ್ಣ ಪಾಟ್‌ಗಳನ್ನು ಎತ್ತಿಕೊಳ್ಳುವುದು. ಇನ್ನೊಂದು, ಕಾದು ಕಾದು ಕೊನೆಗೆ ದೊಡ್ಡ ಕೈ ಸಿಕ್ಕಿದವನಿಗೆ ದುಡ್ಡು ಕೊಡದೇ ಇರುವುದು. ಎರಡನೆಯದು ಗೆಲುವಿನ ಹಾಗೆ ಕಾಣುವುದಿಲ್ಲ, ಆದರೆ ನನ್ನ ಲೆಕ್ಕದಲ್ಲಿ ಅದೇ ದೊಡ್ಡದು.

ಹಂತ 3: ಮೊದಲ ರೇಸ್ ಎಲ್ಲಿಂದ, ಎಷ್ಟು

ಮೊದಲ ನಿಯಮ: ಯಾರೂ ಒಳಗೆ ಬಂದಿಲ್ಲ ಅಂದರೆ ರೇಸ್ ಮಾಡಿ, ಅಂದರೆ ಬೆಟ್ ಏರಿಸಿ, ಇಲ್ಲಾ ಬಿಸಾಕಿ. ಬರೀ ಬ್ಲೈಂಡ್ ಕಟ್ಟಿ ಒಳಗೆ ನುಗ್ಗುವ ಲಿಂಪ್ ಬೇಡ.

ಅಂಡರ್ ದ ಗನ್ ಅಂತ ಕರೆಯುವ ಮೊದಲ ಸೀಟಿನಿಂದ ಬಿಗಿಯಾಗಿ ಆಡಿ. ಐದರ ಜೋಡಿಯಿಂದ ಮೇಲಿನ ಜೋಡಿಗಳು, ಎಕ್ಕದ ಜೊತೆ ಅದೇ ಗುರುತಿನ ಯಾವುದೇ ಎಲೆ, ಒಂದೇ ಗುರುತಿನ ರಾಜ-ಹತ್ತು, ರಾಣಿ-ಹತ್ತು, ಅದಕ್ಕಿಂತ ದೊಡ್ಡ ಚಿತ್ರದ ಎಲೆಗಳು, ಗುಲಾಮ-ಹತ್ತು, ಹತ್ತು-ಒಂಬತ್ತು. ಬೇರೆ ಬೇರೆ ಗುರುತಿನದಾದರೆ ಎಕ್ಕ-ಗುಲಾಮ, ಅದಕ್ಕಿಂತ ಮೇಲೆ, ಮತ್ತೆ ರಾಜ-ರಾಣಿ. ಒಟ್ಟು 1,326 ಬಗೆಯ ಕೈಗಳಲ್ಲಿ ಇವು 184. ಅಂದರೆ ಶೇ. 14 ರಷ್ಟು. ಅದರ ಪಕ್ಕದ ಸೀಟು ಹೈಜಾಕ್, ಅಲ್ಲಿ ಸ್ವಲ್ಪ ಸಡಿಲ ಬಿಡಿ. ಅದಾದಮೇಲಿನ ಕಟ್‌ಆಫ್‌ನಲ್ಲಿ ಕಾಲು ಭಾಗದಷ್ಟು, ಫ್ಲಾಪ್ ಆದಮೇಲೆ ಎಲ್ಲರಿಗಿಂತ ಕೊನೆಗೆ ಮಾತಾಡುವ ಬಟನ್ ಸೀಟಿನಲ್ಲಿ ಶೇ. 40 ರಿಂದ 45 ರವರೆಗೆ ಆಡಬಹುದು. ಬಟನ್‌ನಲ್ಲಿ ಎಲ್ಲ ಜೋಡಿಗಳು, ಎಕ್ಕ ಇರುವ ಎಲ್ಲ ಕೈಗಳು, ಒಂದೇ ಗುರುತಿನ ರಾಜನ ಕೈಗಳು, ಒಂದೇ ಗುರುತಿನ ಅಕ್ಕಪಕ್ಕದ ಎಲೆಗಳು ಎಲ್ಲವೂ ಆಟಕ್ಕೆ ಬರುತ್ತವೆ.

ಬಟನ್‌ನಿಂದ ಇಷ್ಟು ಧೈರ್ಯ ಯಾಕೆ? ನೀವು 2.5 ಬಿಬಿ ರೇಸ್ ಮಾಡಿದಿರಿ. ಮಧ್ಯದಲ್ಲಿರುವುದು 1.5. ಇಬ್ಬರೂ ಶೇ. 62.5 ಸಲ ಬಿಟ್ಟುಬಿಟ್ಟರೆ, ಫ್ಲಾಪ್ ನೋಡದೆಯೇ ನಿಮಗೆ ನಷ್ಟವಿಲ್ಲ. ಅದೇ 2 ಬಿಬಿ ರೇಸ್ ಆದರೆ ಶೇ. 57 ಸಾಕು. ಉದಾಹರಣೆಗೆ ಪೂಲ್‌ನಲ್ಲಿ ಸ್ಮಾಲ್ ಬ್ಲೈಂಡ್‌ನವರು ಶೇ. 85, ಬಿಗ್ ಬ್ಲೈಂಡ್‌ನವರು ಶೇ. 70 ಫೋಲ್ಡ್ ಮಾಡುತ್ತಾರೆ ಅಂದುಕೊಳ್ಳಿ. ಇಬ್ಬರೂ ಒಟ್ಟಿಗೆ ಬಿಡುವುದು ಶೇ. 59.5. ಈ ಪೂಲ್‌ನಲ್ಲಿ 2 ಬಿಬಿ ರೇಸ್ ಯಾವ ಎಲೆ ಹಿಡಿದರೂ ಅಲ್ಲಲ್ಲೇ ಲಾಭ. 2.5 ಆದರೆ ಸ್ವಲ್ಪ ಕಡಿಮೆ ಬೀಳುತ್ತದೆ, ಆದರೆ ಕಾಲ್ ಬಂದಾಗಲೂ ನೀವು ಕೆಲವು ಪಾಟ್ ಗೆಲ್ಲುತ್ತೀರಿ ಅನ್ನುವುದನ್ನು ಸೇರಿಸಿಕೊಳ್ಳಿ. ನಾನು ಬಟನ್‌ಗಿಂತ ಮುಂಚಿನ ಸೀಟುಗಳಿಂದ 2.5, ಬಟನ್‌ನಿಂದ 2 ರಿಂದ 2.25, ಸ್ಮಾಲ್ ಬ್ಲೈಂಡ್‌ನಿಂದ 3 ಬಿಬಿ ಹಾಕುತ್ತೇನೆ.

ಹೀಗೆ ಗೆದ್ದ ಪಾಟ್‌ನಲ್ಲಿ ಇನ್ನೊಂದು ಉಳಿತಾಯ ಇದೆ. ಹೆಚ್ಚಿನ ಸೈಟುಗಳಲ್ಲಿ ಫ್ಲಾಪ್ ಬರದೇ ಮುಗಿದ ಪಾಟ್‌ಗೆ ರೇಕ್, ಅಂದರೆ ಸೈಟು ಮುರಿದುಕೊಳ್ಳುವ ಪಾಲು, ಇಲ್ಲ.

ರೇಕ್ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಸಣ್ಣ ಬ್ಲೈಂಡ್‌ನವರು ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸೈಟು ಸಾಮಾನ್ಯವಾಗಿ ಪಾಟ್‌ನ ಶೇ. 5 ರ ಆಸುಪಾಸು ತೆಗೆದುಕೊಳ್ಳುತ್ತದೆ, ಒಂದು ಮಿತಿಯವರೆಗೆ. ದೊಡ್ಡ ಆಟಗಳಲ್ಲಿ ಪಾಟ್ ಬೇಗ ಆ ಮಿತಿ ಮುಟ್ಟುತ್ತದೆ. ಹಾಗಾಗಿ ಅಲ್ಲಿ ಭಾರ ಕಡಿಮೆ. ಸಣ್ಣ ಆಟದಲ್ಲಿ ಮಿತಿ ಮುಟ್ಟುವುದೇ ಅಪರೂಪ. 40 ಬಿಬಿ ಪಾಟ್ ಗೆದ್ದರೆ 2 ಬಿಬಿ ಸೈಟಿಗೆ ಹೋಯಿತು. 100 ಹ್ಯಾಂಡ್‌ಗೆ 4 ಬಿಬಿ ಗೆಲ್ಲಲು ಒದ್ದಾಡುವಾಗ ಇದು ಸಣ್ಣದಲ್ಲ. ಮುಂದಿನ ಹಂತದಲ್ಲಿ ನಾನು ಯಾಕೆ ಅಷ್ಟೊಂದು ಕಾಲ್‌ಗಳನ್ನು ಬೇಡ ಅನ್ನುತ್ತೇನೆ ಅನ್ನುವುದಕ್ಕೆ ಮುಖ್ಯ ಕಾರಣ ಇದೇ.

ಹಂತ 4: ಎದುರಿನವರು ರೇಸ್ ಮಾಡಿದಾಗ

ಸ್ಮಾಲ್ ಬ್ಲೈಂಡ್‌ನಲ್ಲಿ ಕಾಲ್ ಅನ್ನುವ ಬಟನ್ ಇಲ್ಲ ಅಂದುಕೊಳ್ಳಿ. ಒಂದೋ ಮೂರನೇ ಬೆಟ್ ಹಾಕಿ, ಅದನ್ನೇ ಥ್ರೀ ಬೆಟ್ ಅಂತಾರೆ, ಇಲ್ಲವೇ ಬಿಸಾಕಿ. ಅಲ್ಲಿಂದ ಕಾಲ್ ಮಾಡಿದರೆ ಫ್ಲಾಪ್ ಆದಮೇಲೆ ಪ್ರತಿ ಸುತ್ತಿನಲ್ಲೂ ಮೊದಲು ಮಾತಾಡಬೇಕು, ಹಿಂದೆ ಬಿಗ್ ಬ್ಲೈಂಡ್‌ನವನು ಇನ್ನೂ ಬಾಕಿ, ಮೇಲೆ ರೇಕ್. ಹೈಜಾಕ್, ಕಟ್‌ಆಫ್‌ನಲ್ಲೂ ಹೆಚ್ಚುಕಡಿಮೆ ಇದೇ ನಿಯಮ. ಬಟನ್‌ನಲ್ಲಿ ಮಾತ್ರ ಕೆಲವು ಕಾಲ್ ಪರವಾಗಿಲ್ಲ: ಮಧ್ಯಮ ಜೋಡಿಗಳು, ಒಂದೇ ಗುರುತಿನ ರಾಜ-ಗುಲಾಮನ ಥರದವು.

ಸಣ್ಣ ಜೋಡಿ ಹಿಡಿದು ಸೆಟ್, ಅಂದರೆ ಜೋಡಿಗೆ ಹೊಂದುವ ಮೂರನೇ ಎಲೆ, ಬಿದ್ದೀತು ಅನ್ನುವ ಆಸೆಗೆ ಎಲ್ಲ ಕಡೆಯಿಂದ ಕಾಲ್ ಮಾಡುವುದು ಹಳೆಯ ಅಭ್ಯಾಸ. ಫ್ಲಾಪ್‌ನಲ್ಲಿ ಸೆಟ್ ಬೀಳುವುದು ಎಂಟೂವರೆ ಸಲಕ್ಕೆ ಒಮ್ಮೆ. ಬಿದ್ದಾಗಲೂ ಎದುರಿನವನು ದುಡ್ಡು ಕೊಡಬೇಕು. ಬಟನ್‌ನಿಂದ ಅಗಲವಾಗಿ ರೇಸ್ ಮಾಡಿದವನ ಹತ್ತಿರ ಕೊಡುವಂಥ ಕೈ ಇರುವುದು ಅಪರೂಪ.

ಬಿಗ್ ಬ್ಲೈಂಡ್ ವಿಷಯ ಬೇರೆ. ನೀವು ಈಗಾಗಲೇ 1 ಬಿಬಿ ಹಾಕಿದ್ದೀರಿ. ಬಟನ್ 2.5 ಮಾಡಿ ಸ್ಮಾಲ್ ಬ್ಲೈಂಡ್ ಬಿಟ್ಟರೆ, ಪಾಟ್‌ನಲ್ಲಿ 4 ಇದೆ, ನೀವು ಸೇರಿಸಬೇಕಾದ್ದು 1.5. ಅಂದರೆ ಶೇ. 27 ರಷ್ಟು ಪಾಲು ಗೆದ್ದರೆ ಸಾಕು, ರೇಕ್ ಸೇರಿಸಿದರೆ ಇನ್ನೊಂದಿಷ್ಟು. ಆದ್ದರಿಂದ ಬಟನ್ ಎದುರು ಬಿಗ್ ಬ್ಲೈಂಡನ್ನು ಕಾಪಾಡಿಕೊಳ್ಳಿ. ಒಂದೇ ಗುರುತಿನ ಎಲೆಗಳು, ಎಕ್ಕ-ಎಂಟು, ರಾಜ-ಹತ್ತು, ಎಲ್ಲ ಜೋಡಿ. ಆದರೆ ಮೊದಲ ಸೀಟಿನ ರೇಸ್ ಎದುರು ಅದೇ ರಾಜ-ಹತ್ತನ್ನು ಬೇರೆ ಗುರುತಿನಲ್ಲಿ ಹಿಡಿದು ಹೋಗಬೇಡಿ. ಈ ಪೂಲ್‌ನಲ್ಲಿ ಮೊದಲ ಸೀಟಿನಿಂದ ಬರುವ ರೇಸ್ ಹೇಳಿದಷ್ಟೂ ನಿಜ.

ಥ್ರೀ ಬೆಟ್ ಅಳತೆ: ನೀವು ಅವನಿಗಿಂತ ಆಮೇಲೆ ಮಾತಾಡುವ ಜಾಗದಲ್ಲಿದ್ದರೆ ಅವನ ರೇಸ್‌ನ ಮೂರು ಪಟ್ಟು, ಬ್ಲೈಂಡ್‌ನಲ್ಲಿದ್ದರೆ ನಾಲ್ಕು ಪಟ್ಟು ಅಥವಾ ಸ್ವಲ್ಪ ಮೇಲೆ. ಕಟ್‌ಆಫ್, ಬಟನ್‌ನಿಂದ ಬರುವ ರೇಸ್‌ಗಳ ಮೇಲೆ ಇದನ್ನು ಧಾರಾಳವಾಗಿ ಬಳಸಿ. ಆದರೆ ಕಸ ಹಿಡಿದು ಅಲ್ಲ. ಬಟನ್ 2.5 ಮಾಡಿದಾಗ ನೀವು ಬಿಗ್ ಬ್ಲೈಂಡ್‌ನಿಂದ 11 ಮಾಡಿದರೆ, 4 ಗೆಲ್ಲಲು 10 ಹಾಕಿದ ಹಾಗೆ. ಬರೀ ಫೋಲ್ಡ್‌ನಿಂದಲೇ ಲಾಭ ಬರಬೇಕಾದರೆ ಅವನು ಶೇ. 71 ಸಲ ಬಿಡಬೇಕು. ಅಷ್ಟು ಯಾರೂ ಬಿಡುವುದಿಲ್ಲ. ಆದ್ದರಿಂದ ಕಾಲ್ ಬಂದರೂ ಬದುಕುವ ಎಲೆ ಬೇಕು. ಒಂದೇ ಗುರುತಿನ ಎಕ್ಕ-ಐದು, ಎಕ್ಕ-ನಾಲ್ಕು ಇದಕ್ಕೆ ಹೇಳಿಮಾಡಿಸಿದ್ದು. ನಿಮ್ಮ ಹತ್ತಿರ ಒಂದು ಎಕ್ಕ ಇದ್ದರೆ ಅವನ ಹತ್ತಿರ ಎರಡು ಎಕ್ಕ ಇರುವ ಬಗೆಗಳು 6 ರಿಂದ 3 ಕ್ಕೆ ಇಳಿಯುತ್ತವೆ, ಎಕ್ಕ-ರಾಜ 16 ರಿಂದ 12 ಕ್ಕೆ. ಫ್ಲಾಪ್ ಬಂದರೆ ಫ್ಲಶ್, ಸ್ಟ್ರೇಟ್ ಎರಡಕ್ಕೂ ದಾರಿ ಇದೆ.

ನಿಮ್ಮ ಥ್ರೀ ಬೆಟ್ ಮೇಲೆ ಅವನು ನಾಲ್ಕನೇ ಬೆಟ್ ಹಾಕಿದನೋ, ಅಲ್ಲಿಗೆ ಕಥೆ ಬದಲಾಯಿತು. ಸಣ್ಣ ಬ್ಲೈಂಡ್‌ಗಳಲ್ಲಿ ಫೋರ್ ಬೆಟ್ ಅಂದರೆ ಹೆಚ್ಚಿನ ಸಲ ರಾಣಿಯ ಜೋಡಿ, ಅದರ ಮೇಲಿನ ಜೋಡಿ, ಇಲ್ಲಾ ಎಕ್ಕ-ರಾಜ. ಇದರ ಎದುರು ಗುಲಾಮನ ಜೋಡಿ ಗೆಲ್ಲುವುದು ಮೂರರಲ್ಲಿ ಒಂದಕ್ಕಿಂತ ಸ್ವಲ್ಪ ಜಾಸ್ತಿ ಸಲ, ಅಷ್ಟೇ. ಚೆಂದ ಕಾಣುತ್ತದೆ, ಬಿಡಲು ಮನಸ್ಸು ಬರುವುದಿಲ್ಲ. ಬಿಡಿ. ಎಕ್ಕ-ರಾಣಿಯನ್ನೂ ಬಿಡಿ.

ಹಂತ 5: ಫ್ಲಾಪ್ ಮತ್ತು ಟರ್ನ್

ಜೋಡಿ ಇಲ್ಲದ ಎರಡು ಎಲೆಗೆ ಫ್ಲಾಪ್‌ನಲ್ಲಿ ಒಂದು ಜೋಡಿಯೂ ಬೀಳದೇ ಇರುವುದು ಮೂರರಲ್ಲಿ ಎರಡು ಸಲ. ನಿಮಗೂ ಅಷ್ಟೇ, ಅವನಿಗೂ ಅಷ್ಟೇ. ಯಾರು ಮೊದಲು ಬೆಟ್ ಹಾಕುತ್ತಾರೋ ಅವರಿಗೆ ಪಾಟ್ ಸಿಗುತ್ತದೆ. ಕಾಯುವ ಪೂಲ್‌ನಲ್ಲಿ ಇದು ಇನ್ನೂ ನಿಜ. ಏನೂ ಸಿಗದವನಿಗೆ ಹೊಸ ಟೇಬಲ್ ಕರೆಯುತ್ತಿರುತ್ತದೆ.

ರಾಜ-ಏಳು-ಎರಡು, ಮೂರೂ ಬೇರೆ ಗುರುತು. ನೀವು ಬಟನ್‌ನಿಂದ ರೇಸ್ ಮಾಡಿದ್ದೀರಿ, ಬಿಗ್ ಬ್ಲೈಂಡ್ ಕಾಲ್ ಮಾಡಿದ್ದಾನೆ. ಇಲ್ಲಿ ಪಾಟ್‌ನ ಮೂರನೇ ಒಂದು ಭಾಗ ಬೆಟ್ ಹಾಕಿ, ಬಹುಪಾಲು ಎಲ್ಲ ಕೈಗಳಲ್ಲೂ. ಅವನು ನಾಲ್ಕರಲ್ಲಿ ಒಂದು ಸಲ ಬಿಟ್ಟರೂ ಬೆಟ್ ತನ್ನ ಖರ್ಚು ತಾನೇ ದುಡಿದುಕೊಳ್ಳುತ್ತದೆ. ಅದೇ ಒಂಬತ್ತು-ಎಂಟು-ಏಳು, ಎರಡು ಒಂದೇ ಗುರುತು ಬಂದರೆ ನಿಲ್ಲಿ. ಅದು ಬಿಗ್ ಬ್ಲೈಂಡ್‌ನವನ ಎಲೆಗಳಿಗೆ ಹೊಂದುವ ಫ್ಲಾಪ್. ಅಲ್ಲಿ ನಿಜವಾದ ಕೈ ಅಥವಾ ಗಟ್ಟಿ ಡ್ರಾ, ಅಂದರೆ ಇನ್ನೊಂದು ಎಲೆ ಬಂದರೆ ದೊಡ್ಡದಾಗುವ ಕೈ, ಇದ್ದರೆ ದೊಡ್ಡದಾಗಿ ಹಾಕಿ, ಇಲ್ಲವಾದರೆ ಚೆಕ್. ಮೂರು ಜನ ಫ್ಲಾಪ್ ನೋಡುತ್ತಿದ್ದರೆ ಬ್ಲಫ್ ಆಸೆ ಬಿಡಿ.

ಟರ್ನ್‌ನಲ್ಲಿ ತುಂಬಾ ಜನ ನಿಂತುಬಿಡುತ್ತಾರೆ. ಒಂದು ಸಣ್ಣ ಬೆಟ್ ಹಾಕಿದೆ, ಕಾಲ್ ಬಂತು, ಸಾಕು ಅಂತ. ಆದರೆ ಸಣ್ಣ ಬೆಟ್‌ಗೆ ಬಂದ ಕಾಲ್‌ನಲ್ಲಿ ಎಷ್ಟೋ ದುರ್ಬಲ ಜೋಡಿಗಳಿರುತ್ತವೆ. ಏಳರ ಜೋಡಿ ಹಿಡಿದವನ ಎದುರು ಟರ್ನ್‌ನಲ್ಲಿ ಎಕ್ಕ ಬಂತು ಅನ್ನಿ. ಪಾಟ್‌ನ ಮೂರನೇ ಎರಡು ಭಾಗ ಹಾಕಿದರೆ ಅವನಿಗೆ ಮುಂದೆ ಹೋಗುವುದು ಕಷ್ಟ. ಆ ಬೆಟ್‌ಗೆ ಶೇ. 40 ಫೋಲ್ಡ್ ಬೇಕು. ನಿಮ್ಮ ಕೈಯಲ್ಲಿ ಫ್ಲಶ್ ಡ್ರಾ ಇದ್ದರೆ ಇನ್ನೂ ಒಳ್ಳೆಯದು, ರಿವರ್‌ನಲ್ಲಿ ಐದರಲ್ಲಿ ಒಂದು ಸಲ ಅದು ಬರುತ್ತದೆ.

ಎರಡು ಬೆಟ್‌ಗೂ ಕಾಲ್ ಬಂದರೆ ರಿವರ್‌ನಲ್ಲಿ ಮೂರನೇ ಬ್ಲಫ್ ಹಾಕುವುದು ಸಣ್ಣ ಆಟದಲ್ಲಿ ನನಗೆ ಇಷ್ಟವಿಲ್ಲ. ಅಷ್ಟು ದೂರ ಬಂದವನು ಸಾಮಾನ್ಯವಾಗಿ ಕೊನೆಯದನ್ನೂ ಕೊಟ್ಟು ನೋಡುತ್ತಾನೆ. ಒಳ್ಳೆಯ ಕೈ ಇದ್ದಾಗ ಮಾತ್ರ ಹಾಕಿ, ಹಾಕುವಾಗ ಸಂಕೋಚ ಬೇಡ.

ಹಂತ 6: ಟರ್ನ್, ರಿವರ್ ರೇಸ್ ಬಂದರೆ ನಂಬಿ

ಈ ಇಡೀ ಬರಹದಲ್ಲಿ ಒಂದೇ ಒಂದು ಹಂತ ಪಾಲಿಸುತ್ತೀರಾದರೆ ಇದನ್ನು ಪಾಲಿಸಿ. ನಾನು ಮೊದಲ ಕೆಲವು ತಿಂಗಳ ಹ್ಯಾಂಡ್‌ಗಳನ್ನು ಕೂತು ತೆಗೆದು ನೋಡಿದಾಗ, ಅತಿ ದೊಡ್ಡ ನಷ್ಟಗಳ ಸಾಲಿನಲ್ಲಿ ಒಂದೇ ಚಿತ್ರ ಮತ್ತೆ ಮತ್ತೆ ಬಂತು. ನನ್ನ ಹತ್ತಿರ ಒಂದು ಒಳ್ಳೆಯ ಜೋಡಿ. ರಿವರ್‌ನಲ್ಲಿ ಅವನ ರೇಸ್. "ಇಷ್ಟು ದೂರ ಬಂದು ಬಿಡೋದಾ" ಅಂದುಕೊಂಡು ನನ್ನ ಕಾಲ್. ಅವನ ಹತ್ತಿರ ಸೆಟ್.

ಒಂದು ಹ್ಯಾಂಡ್ ತೆಗೆದುಕೊಳ್ಳೋಣ. ನೀವು ಬಟನ್, ಕೈಯಲ್ಲಿ ಎಕ್ಕ-ರಾಣಿ. 2.5 ರೇಸ್, ಬಿಗ್ ಬ್ಲೈಂಡ್ ಕಾಲ್. ಪಾಟ್ 5.5. ಫ್ಲಾಪ್ ರಾಣಿ-ಎಂಟು-ಮೂರು, ಫ್ಲಶ್ ದಾರಿ ಇಲ್ಲ. ನೀವು 1.8, ಅವನು ಕಾಲ್. ಪಾಟ್ 9.1. ಟರ್ನ್ ಆರು. ನೀವು 6, ಅವನು ಕಾಲ್. ಪಾಟ್ 21.1. ರಿವರ್ ಎರಡು. ನೀವು 14 ಹಾಕಿದಿರಿ. ಅವನು ಇದ್ದಬದ್ದ 89.7 ನ್ನೂ ಮಧ್ಯಕ್ಕೆ ತಳ್ಳಿದ.

ಈಗ ನೀವು 75.7 ಸೇರಿಸಬೇಕು. ಪೂರ್ತಿ ಪಾಟ್ 200.5 ಆಗುತ್ತದೆ. ಅಂದರೆ ನಿಮ್ಮ ಕಾಲ್ ಶೇ. 38 ಸಲ ಸರಿಯಾಗಬೇಕು. ಅವನ ಹತ್ತಿರ ಏನಿರಬಹುದು? ಎಂಟು, ಆರು, ಮೂರು, ಎರಡರ ಸೆಟ್, ಒಂದೊಂದಕ್ಕೂ 3 ಬಗೆ, ಒಟ್ಟು 12. ಒಂದೇ ಗುರುತಿನ ಐದು-ನಾಲ್ಕು ಈಗ ಸ್ಟ್ರೇಟ್, ಅದು 4 ಬಗೆ. ಎರಡು ಜೋಡಿಗಳನ್ನು ಬಿಟ್ಟರೂ 16 ಆಯಿತು. ಶೇ. 38 ಮುಟ್ಟಬೇಕಾದರೆ ಅವನು ಸುಮಾರು 10 ಬಗೆಯ ಬ್ಲಫ್‌ಗಳನ್ನು ಹೀಗೇ ತಳ್ಳುತ್ತಿರಬೇಕು. ಅಂಥ ಎಲೆಗಳು ಇಲ್ಲದೇ ಇಲ್ಲ. ಗುಲಾಮ-ಹತ್ತು, ಹತ್ತು-ಒಂಬತ್ತು, ಒಂಬತ್ತು-ಏಳು, ಇವೆಲ್ಲ ತಪ್ಪಿದ ಡ್ರಾಗಳು. ಆದರೆ ಸಣ್ಣ ಬ್ಲೈಂಡ್‌ನಲ್ಲಿ, ಒಂದು ಕ್ಲಿಕ್‌ಗೆ ಹೊಸ ಎಲೆ ಸಿಗುವಾಗ, ತಪ್ಪಿದ ಡ್ರಾ ಹಿಡಿದು 90 ಬಿಬಿ ತಳ್ಳುವವರು ಎಷ್ಟು ಜನ? ತುಂಬಾ ಕಡಿಮೆ. ತಪ್ಪಿದ ಡ್ರಾ ಹಿಡಿದವನು ನಿಮ್ಮ 14 ಕ್ಕೆ ಫೋಲ್ಡ್ ಮಾಡಿ ಮುಂದಿನ ಟೇಬಲ್‌ಗೆ ಹೋಗಿರುತ್ತಾನೆ.

ಎಕ್ಕ-ರಾಣಿ ಬಿಸಾಕಿ. ಎರಡು ಎಕ್ಕ ಇದ್ದರೂ ಇದೇ ಉತ್ತರ. ಆ ಒಬ್ಬ ವ್ಯಕ್ತಿ ಬ್ಲಫ್ ಮಾಡಿರಬಹುದು, ಅದು ನಿಮಗೆ ಯಾವತ್ತೂ ತಿಳಿಯುವುದಿಲ್ಲ. ಪೂಲ್ ಬ್ಲಫ್ ಮಾಡುವುದಿಲ್ಲ, ಅಷ್ಟು ತಿಳಿದರೆ ಸಾಕು.

ಟರ್ನ್ ರೇಸ್‌ಗೂ ಇದೇ ಗೌರವ ಕೊಡಿ. ಫ್ಲಾಪ್ ರೇಸ್‌ಗೆ ಅಷ್ಟು ಹೆದರಬೇಕಿಲ್ಲ, ಅಲ್ಲಿ ಡ್ರಾಗಳು ಸಾಕಷ್ಟಿರುತ್ತವೆ.

ಹಂತ 7: ಗುಂಪಿನಿಂದ ಬೇರೆಯಾಗಿ ಕಾಣುವವರನ್ನು ಗುರುತು ಹಾಕಿ

ಪೂಲ್‌ನಲ್ಲಿ ಕಾಯದವರೂ ಇರುತ್ತಾರೆ. ಮೋಜಿಗೆ ಬಂದವರು, ಎಲ್ಲ ಫ್ಲಾಪ್ ನೋಡಬೇಕು ಅನ್ನುವವರು. ಇವರನ್ನು ಒಂದೇ ಹ್ಯಾಂಡ್‌ನಲ್ಲಿ ಹಿಡಿಯಬಹುದು. ಲಿಂಪ್ ಮಾಡುತ್ತಾರೆ. ಸ್ಟ್ಯಾಕ್, ಅಂದರೆ ಟೇಬಲ್ಲಿನಲ್ಲಿ ಮುಂದಿಟ್ಟ ಹಣ, 100 ಬಿಬಿ ಇರುವುದಿಲ್ಲ, 37 ಅಥವಾ 64 ರ ಥರ ಏನೋ ಇರುತ್ತದೆ, ಯಾಕೆಂದರೆ ತಾನಾಗಿ ತುಂಬುವ ಆಯ್ಕೆ ಹಾಕಿಕೊಂಡಿಲ್ಲ. ಮೊದಲೇ ರೇಸ್ ಮಾಡಿದವನಿಗೆ ಕಾಯದೆ, ಫ್ಲಾಪ್‌ನಲ್ಲಿ ತಾವೇ ಮೊದಲು 1 ಬಿಬಿ ಬೆಟ್ ಹಾಕುತ್ತಾರೆ.

ಸೈಟಿನಲ್ಲಿ ಹೆಸರಿಗೆ ಬಣ್ಣ ಹಚ್ಚುವ ಸೌಲಭ್ಯ ಇದ್ದರೆ ತಕ್ಷಣ ಹಚ್ಚಿ. ನಾನು ಮೂರೇ ಬಣ್ಣ ಇಟ್ಟುಕೊಂಡಿದ್ದೇನೆ: ಎಲ್ಲಕ್ಕೂ ಕಾಲ್ ಮಾಡುವವನು, ಸಿಕ್ಕಾಪಟ್ಟೆ ಬೆಟ್ ಹಾಕುವವನು, ನಿಯಮ ಗೊತ್ತಿರುವ ರೆಗ್ಯುಲರ್. ಮೊದಲಿನವನಿಗೆ ಯಾವತ್ತೂ ಬ್ಲಫ್ ಇಲ್ಲ, ಒಳ್ಳೆಯ ಜೋಡಿಗೂ ಮೂರೂ ಸುತ್ತು ದೊಡ್ಡ ಬೆಟ್. ಅವನು ಲಿಂಪ್ ಮಾಡಿದರೆ 4 ರಿಂದ 5 ಬಿಬಿ ರೇಸ್ ಮಾಡಿ, ಅವನೊಬ್ಬನ ಜೊತೆಗೇ ಫ್ಲಾಪ್ ನೋಡಿ. ಎರಡನೆಯವನ ಎದುರು ಹಂತ 6 ರ ನಿಯಮ ಸಡಿಲಿಸಬಹುದು. ಅವನು ಹಾಗೆ ಆಡುವುದನ್ನು ನೀವೇ ಕಣ್ಣಾರೆ ನೋಡಿದ್ದರೆ ಮಾತ್ರ.

ಆಟಗಾರರ ಅಂಕಿಅಂಶ ತೋರಿಸುವ ಸಾಫ್ಟ್‌ವೇರ್ ಕೆಲವು ಸೈಟುಗಳಲ್ಲಿ ನಡೆಯುತ್ತದೆ, ಕೆಲವು ಕಡೆ ನಿಷೇಧ ಇದೆ. ನಿಮ್ಮ ಸೈಟಿನ ನಿಯಮ ಓದಿ. ಬಳಸಿದರೂ 20 ಹ್ಯಾಂಡ್‌ನ ಅಂಕಿ ನೋಡಿ ರಿವರ್ ನಿರ್ಧಾರ ಮಾಡಬೇಡಿ. ಎಷ್ಟು ಕೈ ಆಡುತ್ತಾನೆ ಅನ್ನುವುದು ಕೆಲವು ಡಜನ್ ಹ್ಯಾಂಡ್‌ಗಳಲ್ಲಿ ತಿಳಿಯುತ್ತದೆ. ರಿವರ್‌ನಲ್ಲಿ ಹೇಗೆ ಅನ್ನುವುದಕ್ಕೆ ಸಾವಿರಾರು ಬೇಕು.

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ನಿಮ್ಮನ್ನೂ ಯಾರೂ ಗಮನಿಸುತ್ತಿಲ್ಲ. ಅದಕ್ಕೇ ಆಟವನ್ನು ಸಮತೋಲನದಲ್ಲಿ ಇಡಬೇಕು, ಈ ಥರದ ಕೈಯಲ್ಲೂ ಒಮ್ಮೊಮ್ಮೆ ಹೀಗೆ ಮಾಡಿ ಮರೆಮಾಚಬೇಕು ಅನ್ನುವ ಚಿಂತೆ ಇಲ್ಲಿ ಬೇಡ. ದೊಡ್ಡ ಕೈಗೆ ದೊಡ್ಡ ಬೆಟ್. ನೇರ.

ಹಂತ 8: ವೇಗವನ್ನು ನೀವು ನಡೆಸಿ

ಒಂದೇ ಕಿಟಕಿಯಿಂದ ಶುರು ಮಾಡಿ. ಬಟನ್ ಮತ್ತು ಬಿಗ್ ಬ್ಲೈಂಡ್‌ನಲ್ಲಿ ನಿಮ್ಮ ಸರದಿ ಬರುವ ಮುಂಚೆ ಫಾಸ್ಟ್‌ಫೋಲ್ಡ್ ಒತ್ತಬೇಡಿ. ಒಂಬತ್ತು-ಆರು ಮೊದಲ ಸೀಟಿನಲ್ಲಿ ಕಸ. ಬಟನ್‌ನಲ್ಲಿ ಎಲ್ಲರೂ ಬಿಟ್ಟಮೇಲೆ, ಬ್ಲೈಂಡ್‌ನಲ್ಲಿ ಇಬ್ಬರು ಬಿಗಿಯಾದ ರೆಗ್ಯುಲರ್‌ಗಳು ಕೂತಿದ್ದರೆ, ಅದೇ ಒಂಬತ್ತು-ಆರು 2 ಬಿಬಿ ರೇಸ್‌ಗೆ ಸರಿಯಾದ ಎಲೆ. ಎಲೆ ನೋಡುವ ಮುಂಚೆ ಸೀಟು ನೋಡಿ. ಇದನ್ನು ಅಭ್ಯಾಸ ಮಾಡಿಕೊಳ್ಳಲು ನನಗೆ ಎರಡು ವಾರ ಬೇಕಾಯಿತು.

ಪಾಟ್ 20 ಬಿಬಿ ದಾಟಿದರೆ ಕೈಯನ್ನು ಮೌಸ್‌ನಿಂದ ತೆಗೆಯಿರಿ. ಟೈಮ್ ಬ್ಯಾಂಕ್, ಅಂದರೆ ಯೋಚಿಸಲು ಸಿಗುವ ಹೆಚ್ಚುವರಿ ಹೊತ್ತು, ಇರುವುದೇ ಇದಕ್ಕೆ. ಅವನು ರೇಸ್ ಮಾಡಿದ್ದು ಯಾವ ಸೀಟಿನಿಂದ, ಯಾವ ಎಲೆಗಳಿಂದ ಇಷ್ಟು ದೂರ ಬರುತ್ತಾನೆ, ನನಗೆ ಶೇಕಡಾ ಎಷ್ಟು ಬೇಕು, ಈ ಮೂರು ಪ್ರಶ್ನೆ ಕೇಳಿಕೊಳ್ಳಿ.

ದೊಡ್ಡ ಪಾಟ್ ಸೋತಾಗ ಇಲ್ಲಿ ಒಂದು ಅಪಾಯ ಇದೆ. ಸಾಮಾನ್ಯ ಟೇಬಲ್ಲಿನಲ್ಲಿ ಸೋತಮೇಲೆ ಮೂರು ನಿಮಿಷದಲ್ಲಿ ಮೂರು-ನಾಲ್ಕು ಹ್ಯಾಂಡ್. ಇಲ್ಲಿ ಹತ್ತು. ಸಿಟ್ಟು ಇಳಿಯುವ ಮುಂಚೆಯೇ ಹತ್ತು ನಿರ್ಧಾರ. ಹಾಗಾಗಿ ಪೂರ್ತಿ ಸ್ಟ್ಯಾಕ್ ಹೋದ ಪ್ರತಿ ಸಲ, ತಪ್ಪು ಯಾರದ್ದೇ ಇರಲಿ, ಸಿಟ್ ಔಟ್ ಒತ್ತಿ ಎದ್ದು ಓಡಾಡಿ ಬನ್ನಿ. ಮೂರು ಬೈ-ಇನ್ ಹೋದರೆ ಆ ದಿನದ ಆಟ ಮುಗಿಯಿತು. ಗೆಲ್ಲುತ್ತಿದ್ದರೂ 45 ನಿಮಿಷಕ್ಕೆ ಒಂದು ವಿರಾಮ ತೆಗೆದುಕೊಳ್ಳಿ. ಸೋತದ್ದನ್ನು ವಾಪಸ್ ತೆಗೆಯಬೇಕು ಅನ್ನುವ ಒಂದೇ ಕಾರಣಕ್ಕೆ ಲಾಗಿನ್ ಆಗುತ್ತಿದ್ದೀರಿ ಅನ್ನಿಸಿದರೆ, ಖಾತೆಗೆ ಹಣ ಹಾಕುವ ಮಿತಿಯನ್ನು ಅವತ್ತೇ ಇಳಿಸಿ. ಮನೆಯವರ ಹತ್ತಿರ ಮಾತಾಡಿ.

ಹಂತ 9: ಮೊದಲ ನಾಲ್ಕು ವಾರ

ಮೊದಲ ವಾರ ಹಂತ 3 ಮತ್ತು 4 ಮಾತ್ರ. ಯಾವ ಸೀಟಿನಿಂದ ಯಾವ ಎಲೆ ಅನ್ನುವ ಪಟ್ಟಿಯನ್ನು ಕಾಗದದಲ್ಲಿ ಬರೆದು ಪಕ್ಕದಲ್ಲಿಟ್ಟುಕೊಳ್ಳಿ. ಗೆಲುವು-ಸೋಲು ನೋಡಬೇಡಿ. ಎರಡನೇ ವಾರ ಸಣ್ಣ ಫ್ಲಾಪ್ ಬೆಟ್ ಸೇರಿಸಿ. ಮೂರನೇ ವಾರ ರಿವರ್ ರೇಸ್ ಎದುರಾದ ಪ್ರತಿ ಹ್ಯಾಂಡನ್ನೂ ಗುರುತು ಹಾಕಿ, ಆಟ ಮುಗಿದ ಮೇಲೆ ಎಕ್ಕ-ರಾಣಿಯ ಉದಾಹರಣೆಯಲ್ಲಿ ಮಾಡಿದ ಹಾಗೆ ಬಗೆಗಳನ್ನು ಎಣಿಸಿ. ಮೊದಮೊದಲು ಒಂದು ಹ್ಯಾಂಡ್‌ಗೆ ಹತ್ತು ನಿಮಿಷ ಹಿಡಿಯುತ್ತದೆ. ಹತ್ತು ಹ್ಯಾಂಡ್ ಆದಮೇಲೆ ಆಡುವಾಗಲೇ ಅಂದಾಜು ಸಿಗತೊಡಗುತ್ತದೆ.

ನಾಲ್ಕನೇ ವಾರ ಹಿಂದಿನದನ್ನೆಲ್ಲ ತೆಗೆದು ಎರಡೇ ವಿಷಯ ಹುಡುಕಿ. ಸ್ಮಾಲ್ ಬ್ಲೈಂಡ್‌ನಿಂದ ಎಷ್ಟು ಸಲ ಕಾಲ್ ಮಾಡಿದ್ದೀರಿ? ಟರ್ನ್ ಅಥವಾ ರಿವರ್ ರೇಸ್‌ಗೆ ಒಂದೇ ಜೋಡಿ ಹಿಡಿದು ಎಷ್ಟು ಸಲ ದುಡ್ಡು ಕೊಟ್ಟಿದ್ದೀರಿ? ಎರಡೂ ಸಂಖ್ಯೆ ಸೊನ್ನೆಯ ಹತ್ತಿರ ಇದ್ದರೆ ಎರಡನೇ ಕಿಟಕಿ ತೆರೆಯಬಹುದು. ಇಲ್ಲದಿದ್ದರೆ ಇನ್ನೊಂದು ವಾರ ಒಂದರಲ್ಲೇ ಆಡಿ.